ಮುಳ್ಳೂರು ಸೀಮೆಯ ಕಾಲೇಜು ಕಬಡ್ಡಿ ತಂಡಕ್ಕೆ ವ್ಯೂಹ ನಿರ್ಣಯ: ಒಂದು ಮೀಮಾಂಸೆ

ರಕ್ಷಣಾ ವ್ಯೂಹವೆಂದರೆ ಒಳಬಂದ ಎದುರಾಳಿ ರೈಡರ್ 30 ಸೆಕೆಂಡಿನೊಳಗೆ ತನ್ನ ಅಂಕಣಕ್ಕೆ ಮರಳದಂತೆ ಏಳು ಮಂದಿ ನಿಲ್ಲುವ ಕ್ರಮ. ಕ್ರಮವಿಲ್ಲದೆ ನಿಲ್ಲುವುದನ್ನೂ ಕೆಲವು ಕಾಲೇಜುಗಳಲ್ಲಿ ವ್ಯೂಹವೆಂದೇ ಕರೆಯುವುದುಂಟು. ವ್ಯೂಹದ ಆದ್ಯಪ್ರವರ್ತಕ ದ್ರೋಣಾಚಾರ್ಯ. ಒಳಹೊಗಲು ಬಲ್ಲ, ಹೊರಬರಲು ಅರಿಯದ ಅಭಿಮನ್ಯುವೇ ಪ್ರಥಮ ರೈಡರ್. ಆದರೆ ಕುರುಕ್ಷೇತ್ರದಲ್ಲಿ ಬೋನಸ್ ಗೆರೆ ಎಳೆದಿರಲಿಲ್ಲವಾದ್ದರಿಂದ ಆ ಪಂದ್ಯವನ್ನು ಪ್ರಮಾಣವಾಗಿ ಸ್ವೀಕರಿಸಲಾಗದು.

ಕಾವೇರಿ ದಂಡೆಯ ಮುಳ್ಳೂರು, ಹರಳೆ, ದಾಸನಪುರದ ಹುಡುಗರು ಕೊಳ್ಳೇಗಾಲದಲ್ಲಿ ಒಂದು ತಂಡವಾದಾಗ ಮೂರು ದರ್ಶನಗಳು ಎದುರಾಗುತ್ತವೆ. ದ್ವೈತಿಗಳು ಇಬ್ಬಿಬ್ಬರಾಗಿ ಕೈಹಿಡಿದು ಮೂಲೆ ಕಾಯುತ್ತಾರೆ. ವಿಶಿಷ್ಟಾದ್ವೈತಿಗಳದು ಸರಪಳಿ: ಅಂಗಗಳು ಬೇರೆ, ಶರೀರ ಒಂದೇ. ಅದ್ವೈತಿಗಳು ಎಲ್ಲರೂ ಒಟ್ಟಿಗೆ ರೈಡರ್ ಮೇಲೆ ಬೀಳುತ್ತಾರೆ. ಆಮೇಲೆ ಯಾರ ಕಾಲು ಯಾರದೆಂಬ ಭೇದ ಉಳಿಯುವುದಿಲ್ಲ. ಮೂಲೆಗಳಲ್ಲಿ ಇಬ್ಬಿಬ್ಬರು, ನಡುವೆ ಮೂವರು ನಿಲ್ಲುವ 2-3-2 ಕ್ರಮವು ಮೊದಲೆರಡು ಮತಗಳ ಸಮನ್ವಯ. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಪ್ರೇಕ್ಷಕರ ಒಲವು ಮಾತ್ರ ಸದಾ ಅದ್ವೈತದ ಕಡೆಗೇ.

ನಿಜವಾದ ಪರೀಕ್ಷೆ ಎಡ ಕಾರ್ನರ್‌ನದು. ಆರು ಅಥವಾ ಏಳು ಮಂದಿ ಅಂಕಣದಲ್ಲಿದ್ದಾಗ ರೈಡರ್ ಬೋನಸ್‌ಗೆ ಆಸೆಪಡುತ್ತಾನೆ. ಒಂದು ಕಾಲು ಗೆರೆಯಾಚೆ ಊರಿ, ಇನ್ನೊಂದನ್ನು ನೆಲದಿಂದ ಎತ್ತಬೇಕು. ಆ ಅರೆಗಳಿಗೆ ಅವನು ಒಂಟಿಗಾಲಿನವನು. ಅಂಗೈ ನೆಲಕ್ಕೆ ತಾಗುವಷ್ಟು ಬಗ್ಗಿ ಕೂತ ಕಾರ್ನರ್ ಆಗಲೇ ಹಿಮ್ಮಡಿಗೆ ಕೈಹಾಕಬೇಕು. ಹಗ್ಗ ಬಿಚ್ಚಿಕೊಂಡು ಓಡುವ ಕರುವಿನ ಹಿಂಗಾಲು ಹಿಡಿದು ಬೆಳೆದವನಿಗೆ ಆಂಕಲ್ ಹೋಲ್ಡ್ ಕಲಿಸಬೇಕಿಲ್ಲ. ಸೀಟಿ ಊದಿದ ಮೇಲೆ ಬಿಡುವುದನ್ನು ಕಲಿಸಬೇಕು.

ಇಷ್ಟಾದರೂ ವ್ಯೂಹಕ್ಕೆ ಮಿತಿಯುಂಟು. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಬಾಚಿದಾಗ ಗುಜರಾತಿನವರನ್ನು ಯಾವ ದರ್ಶನವೂ ಕೈಹಿಡಿಯಲಿಲ್ಲ.

ಸ್ಥಳೀಯ ಕಾರಣಗಳನ್ನೂ ಗಣಿಸಬೇಕು. ಕೆಆರ್‌ಎಸ್, ಕಬಿನಿಗಳಿಂದ ಒಮ್ಮೆಗೇ ಹೆಚ್ಚು ನೀರು ಬಿಟ್ಟರೆ, 2018 ಮತ್ತು 2019ರಲ್ಲಿ ಆದಂತೆ, ಹೊಳೆಯೇ ಈ ಊರುಗಳಿಗೆ ರೈಡ್ ಬರುತ್ತದೆ. ಅದು ಕಬಡ್ಡಿ ಕಬಡ್ಡಿ ಎನ್ನುವುದೂ ಇಲ್ಲ, 30 ಸೆಕೆಂಡಿಗೆ ಹಿಂದಿರುಗುವುದೂ ಇಲ್ಲ. ದನಕರು ಎತ್ತರಕ್ಕೆ ಹೊಡೆದುಕೊಂಡು ಹೋಗುತ್ತಿರುವ ಕಾರ್ನರ್‌ನನ್ನು ಆ ವಾರ ಅಭ್ಯಾಸಕ್ಕೆ ಕರೆಯುವುದು ಶಾಸ್ತ್ರಸಮ್ಮತವಲ್ಲ. ಬಸ್ಸು ತಪ್ಪಿದವರು, ಇಂಟರ್ನಲ್ಸ್ ಬಾಕಿಯಿರುವವರು, ಹೊಸ ಟ್ರ್ಯಾಕ್‌ಪ್ಯಾಂಟ್ ಮಣ್ಣಾದೀತೆಂದು ಬಗ್ಗದವರು, ಇವರನ್ನು ಕಳೆದು ಉಳಿದ ಸಂಖ್ಯೆಯೇ ವ್ಯೂಹವನ್ನು ನಿರ್ಧರಿಸುತ್ತದೆ.

ಆಟದ ನಡುವೆ ಅಂಕಣದಲ್ಲಿ ಮೂವರೇ ಉಳಿದರೂ ಕಂಗೆಡಬೇಕಿಲ್ಲ. ಆಗಿನ ಹಿಡಿತ ಸೂಪರ್ ಟ್ಯಾಕಲ್. ಒಂದು ಅಂಕ ಹೆಚ್ಚಿಗೆ ಬರುತ್ತದೆ. ಬಡತನಕ್ಕೆ ನಿಯಮಾವಳಿಯೇ ಕೊಟ್ಟ ಸಹಾಯಧನವಿದು.

ಸಂಖ್ಯೆ ತುಂಬಲು ವಾಲಿಬಾಲ್ ತಂಡದಿಂದ ಎರವಲು ತಂದ ಎತ್ತರದವರನ್ನು ನಡುವೆ ನಿಲ್ಲಿಸಬೇಕು. ಮೂಲೆಗೆ ಹಾಕಿದರೆ ಅವರು ಬಗ್ಗುವಷ್ಟರಲ್ಲಿ ರೈಡರ್ ನಡುಗೆರೆ ಮುಟ್ಟಿರುತ್ತಾನೆ.