ಪಿಆರ್ ಆಗೋ ತನಕ ತುಟಿ ಪಿಟಕ್ ಅನ್ನಬೇಡಿ!

ನಿಜ ಹೇಳಿ, ನಿಮ್ಮ ಮ್ಯಾನೇಜರ್ ಕಂಡ್ರೆ ನಿಮಗೆ ಆಗಲ್ಲ, ಅಲ್ವಾ? ಮಿಸ್ಸಿಸಾಗದಲ್ಲಿ ಇನ್ನೊಂದು ಕಂಪನಿಯವರು ಜಾಸ್ತಿ ಸಂಬಳ ಕೊಡ್ತೀವಿ ಬನ್ನಿ ಅಂತ ಕರೀತಾನೇ ಇದ್ದಾರೆ. ಆದರೂ ದಿನಾ ಬೆಳಿಗ್ಗೆ ಬ್ರಾಂಪ್ಟನ್‌ನ ಬೇಸ್‌ಮೆಂಟಿಂದ ಮೇಲೆ ಬಂದು, ಮನೆ ಮುಂದಿನ ಹಿಮ ಗೋರಿ (ಓನರ್ ಜೊತೆ ಒಪ್ಪಂದ, ಬಾಡಿಗೇಲಿ ಸ್ವಲ್ಪ ಕಮ್ಮಿ), ಅದೇ ಆಫೀಸಿಗೆ ಹೋಗ್ತೀರ. ಯಾಕ್ರೀ ಅಂದ್ರೆ ಒಂದೇ ಉತ್ತರ: ‘ಪಿಆರ್ (ಇಲ್ಲಿ ಕಾಯಂ ವಾಸದ ಅನುಮತಿ) ಆಗ್ಲಿ, ಆಮೇಲೆ ನೋಡ್ಕೊಳ್ಳೋಣ.’

ಕೆನಡಾದಲ್ಲಿ ನಿಮ್ಮದು ಎಲ್ಲಾ ಆಮೇಲೇನೇ. ಸೋಫಾ ಆಮೇಲೆ, ಕಾರು ಆಮೇಲೆ, ಮದುವೆ ಆಮೇಲೆ. ಮ್ಯಾನೇಜರ್‌ಗೆ ಎದುರು ಮಾತಂತೂ ಖಂಡಿತಾ ಆಮೇಲೆ. ಮಧ್ಯದಲ್ಲಿ ಕೆಲಸ ಬಿಟ್ರೆ ಪಿಆರ್‌ಗೆ ಬೇಕಾದ ಅನುಭವದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗತ್ತೆ ಅಂತ ನಿಮಗೆ ಯಾರೋ ಹೇಳಿದ್ದಾರೆ. ಯಾರು? ರೂಮ್‌ಮೇಟ್‌ನ ಕಸಿನ್. ಅವನಿಗೆ ಹೇಗೆ ಗೊತ್ತು? ಅವನೂ ಎರಡು ವರ್ಷದಿಂದ ಕಾಯ್ತಾ ಇದ್ದಾನಲ್ಲ!

ಬನ್ನಿ, ಕಿವಿ ಇಲ್ಲಿ ಕೊಡಿ. ನೀವು ಅರ್ಜಿ ಹಾಕೋದು ಕೆನೆಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸಲ್ಲಿ ತಾನೇ? ಅನುಭವ ಅಂತ ಅದು ಕೇಳೋದು ಹಿಂದಿನ 3 ವರ್ಷದಲ್ಲಿ ಒಟ್ಟು 1,560 ಗಂಟೆ ನುರಿತ ಕೆಲಸ, ಅಷ್ಟೇ. ಒಂದೇ ಕಂಪನೀಲಿ ಅಂತ ಎಲ್ಲೂ ಹೇಳಿಲ್ಲ. ಬಿಡುವಿಲ್ಲದೆ ಅಂತಾನೂ ಹೇಳಿಲ್ಲ. ಇಲ್ಲಿ ಆರು ತಿಂಗಳು, ಮಧ್ಯೆ ಒಂದಷ್ಟು ದಿನ ಮನೇಲಿ, ಅಲ್ಲಿ ಆರು ತಿಂಗಳು, ನಡಿಯತ್ತೆ. (ಬಿಡುವಿಲ್ಲದ ಒಂದು ವರ್ಷ ಕೇಳೋದು ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನೋ ಅದರ ಅಣ್ಣ. ಆ ಕಸಿನ್ ಎರಡನ್ನೂ ಕಲಸಿ ಬಡಿಸಿದ್ದಾನೆ.)

ಇನ್ನು ಕೆಲವರಿದ್ದೀರ, ಬೇಗ ಮುಗಿಸಿಬಿಡೋಣ ಅಂತ ವಾರಕ್ಕೆ 60 ಗಂಟೆ ದುಡಿಯೋರು. ಸೊಂಟ ಹಿಡ್ಕೊಂಡಿದ್ದೇ ಲಾಭ, ಲೆಕ್ಕಕ್ಕೆ ಸಿಗೋದು ವಾರಕ್ಕೆ 30 ಗಂಟೆ ಮಾತ್ರ. ಸಂಬಳದ ರಜೆ ವರ್ಷಕ್ಕೆ ಎರಡು ವಾರ ಲೆಕ್ಕಕ್ಕೆ ಬರತ್ತೆ. ಆದರೆ ತಂಗಿ ಮದುವೆ ಅಂತ ದಾವಣಗೆರೆಗೆ ಹೋಗಿ ಬೀಗರೂಟ, ಮನೆದೇವರು, ಗೋವಾ ಎಲ್ಲಾ ಮುಗಿಸಿ ಎರಡು ತಿಂಗಳಿಗೆ ಬಂದ್ರಲ್ಲ, ಅದು ಲೆಕ್ಕಕ್ಕೆ ಬರತ್ತಾ ಅಂತ ಯಾರ ಹತ್ತಿರಾನೂ ಕೇಳಲಿಲ್ಲ ಯಾಕೆ?

ಹಾಗಂತ ಈಗಲೇ ಎದ್ದು ರಿಸೈನ್ ಮಾಡಬೇಡಿ, ಕೂತ್ಕೊಳ್ಳಿ. ನಿಮ್ಮ ವರ್ಕ್ ಪರ್ಮಿಟ್ ಮೇಲೆ ಕಂಪನಿ ಹೆಸರು ಅಚ್ಚಾಗಿದ್ಯಾ ನೋಡಿ. ಇದ್ರೆ ಹೊಸ ಕಂಪನಿಗೆ ಹೊಸ ಪರ್ಮಿಟ್ ದಾರಿ ಮಾಡ್ಕೊಳ್ಳದೆ ಕಾಲು ಎತ್ತೋ ಹಾಗಿಲ್ಲ. ಅನುಮತಿ ಇಲ್ಲದೆ ಮಾಡಿದ ಕೆಲಸ ಲೆಕ್ಕಕ್ಕೆ ಬರೋದಿರಲಿ, ತಲೆ ಮೇಲೆ ಬರತ್ತೆ. ಇಲ್ಲಿ ಓದಿ ಮುಗಿಸಿ ಪಿಜಿಡಬ್ಲ್ಯೂಪಿ (ಪೋಸ್ಟ್ ಗ್ರಾಜುಯೇಶನ್ ವರ್ಕ್ ಪರ್ಮಿಟ್) ತಗೊಂಡೋರಿಗೆ ಆ ಗೋಜಿಲ್ಲ, ಅದು ಓಪನ್ ಪರ್ಮಿಟ್. ಜೀವಮಾನದಲ್ಲಿ ಒಂದೇ ಸಲ ಸಿಗೋದು, ಅಷ್ಟೇ.

ಆಮೇಲೆ ಎನ್‌ಒಸಿ ಕೋಡ್, ಅಂದ್ರೆ ಕೆನಡಾದಲ್ಲಿ ಒಂದೊಂದು ಉದ್ಯೋಗಕ್ಕೂ ಕೊಟ್ಟಿರೋ ನಂಬರ್. ಐದು ಅಂಕಿ ಇರತ್ತಲ್ಲ, ಅದರ ಎರಡನೇ ಅಂಕಿ ನೋಡಿ. 0, 1, 2, 3 ಆದ್ರೆ ಸರಿ. 4, 5 ಆದ್ರೆ ಎಷ್ಟು ವರ್ಷ ದುಡಿದ್ರೂ ಈ ದಾರೀಲಿ ಉಪಯೋಗಕ್ಕಿಲ್ಲ. ಅಂಗಡೀಲಿ ಸೇಲ್ಸ್ ಮಾಡೋನು 64100, ಹೊರಗೆ. ಅವನ ಮೇಲಿನ ಸೂಪರ್‌ವೈಸರ್ 62010, ಒಳಗೆ. (ಆಹಾ, ಕಣ್ಣು ಹೊಳೀತು ನೋಡಿ! ‘ಸೂಪರ್‌ವೈಸರ್ ಅಂತ ಬರೆಸ್ಕೊಂಡ್ರೆ ಆಯ್ತು’ ಅಂದ್ಕೊಂಡ್ರಿ ತಾನೇ? ಇಮಿಗ್ರೇಶನ್‌ನವರು ಓದೋದು ಹುದ್ದೆ ಹೆಸರಲ್ಲ ಸ್ವಾಮಿ, ದಿನಾ ಏನು ಮಾಡಿದ್ರಿ ಅನ್ನೋದನ್ನ.)

ಸಾಫ್ಟ್‌ವೇರ್‌ನವರಿಗೆ ಬೇರೆ ಬಲೆ. ‘ನೀವು ಕಾಂಟ್ರಾಕ್ಟರ್ ಆಗಿ ಬನ್ನಿ, ಗಂಟೆಗೆ ಇಷ್ಟು ಜಾಸ್ತಿ, ತಿಂಗಳಿಗೊಂದು ಇನ್‌ವಾಯ್ಸ್ ಕಳಿಸಿದ್ರಾಯ್ತು’ ಅಂತ ಹೊಸ ಕಂಪನಿಯವರು ಸಕ್ಕರೆ ಮಾತಾಡ್ತಾರೆ. ನಿಮಗೋ, ಗುಣಾಕಾರ ಮಾಡಿ ಆಗಲೇ ಟೆಸ್ಲಾ ಬಣ್ಣ ಆರಿಸಿದ್ದೂ ಆಯ್ತು. ಇನ್‌ವಾಯ್ಸ್ ಕಳಿಸೋನು ಸ್ವಯಂ ಉದ್ಯೋಗಿ ಅಂತಾದ್ರೆ ಆ ಅನುಭವಕ್ಕೆ ಈ ಕ್ಲಾಸಲ್ಲಿ ಸೊನ್ನೆ. ಪೇರೋಲಲ್ಲಿ ಇದ್ದೀನಾ, ಟಿ4 (ಸಂಬಳದ ತೆರಿಗೆ ಚೀಟಿ) ಕೊಡ್ತೀರಾ ಅಂತ ಸಹಿ ಹಾಕೋ ಮುಂಚೆ ಕೇಳಿ. ಸಂಬಳ ಕೇಳೋಕೆ ಇರೋ ಬಾಯಿ ಇದನ್ನ ಕೇಳೋಕೆ ಯಾಕಿಲ್ಲ?

ಬಾಯಿ ಅಂದ ಮೇಲೆ ಅಸಲಿ ವಿಷಯಕ್ಕೆ ಬರ್ತೀನಿ. ನಿಮಗಿರೋದು ಕೆಲಸ ಬಿಡೋ ಭಯ ಅಲ್ಲ, ಲೆಟರ್ ಕೇಳೋ ಸಂಕೋಚ! ಎಕ್ಸ್‌ಪೀರಿಯನ್ಸ್ ಲೆಟರ್ ಅಂದ್ರೆ ‘ಈತ ಒಳ್ಳೆಯವನು, ಶುಭವಾಗಲಿ’ ಅನ್ನೋ ಎರಡು ಸಾಲಲ್ಲ. ಲೆಟರ್‌ಹೆಡ್ ಮೇಲೆ ಹುದ್ದೆ, ಸೇರಿದ ತಾರೀಕು, ಬಿಟ್ಟ ತಾರೀಕು, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸವಲತ್ತು, ಮಾಡ್ತಿದ್ದ ಕೆಲಸಗಳು, ಕೆಳಗೆ ಸಹಿ. ಇಷ್ಟೂ ಇರಬೇಕು.

ನೀವೇನು ಮಾಡ್ತೀರ? ಕಡೇ ದಿನ ಮ್ಯಾನೇಜರ್‌ನ ನಿಲ್ಲಿಸಿ ನಾಲ್ಕು ಮಾತು ಜಾಡಿಸಬೇಕು ಅಂತ ಸ್ನಾನ ಮಾಡುವಾಗೆಲ್ಲ ಡೈಲಾಗ್ ಪ್ರಾಕ್ಟೀಸ್ ಮಾಡ್ತೀರ. (ಇಂಗ್ಲಿಷಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯತ್ತೆ, ಗೊತ್ತು ಬಿಡಿ.) ಜಾಡಿಸಿ ಬಂದ ಎಂಟು ತಿಂಗಳಿಗೆ ಐಟಿಎ (‘ಬನ್ನಿ, ಪಿಆರ್‌ಗೆ ಅರ್ಜಿ ಹಾಕಿ’ ಅನ್ನೋ ಕರೆ) ಬರತ್ತೆ, ಅರ್ಜಿಗೆ ಕೈಯಲ್ಲಿ 60 ದಿನ. ಆಗ ಅದೇ ಮನುಷ್ಯನಿಗೆ ‘ಹೋಪ್ ಯೂ ಆರ್ ಡೂಯಿಂಗ್ ವೆಲ್’ ಅಂತ ಮೇಲ್ ಬರೀಬೇಕಾಗತ್ತೆ. ಅದರ ಬದಲು ಬಿಡೋ ವಾರಾನೇ ಲೆಟರ್, ಪೇ ಸ್ಟಬ್ ಎಲ್ಲಾ ಇಸ್ಕೊಂಡು, ಕೇಕ್ ತಿಂದು, ನಗ್ತಾ ಬನ್ನಿ.

‘ಐಟಿಎ ಬರೋದು ಪಾಯಿಂಟ್ ನೋಡಿ, ಕಂಪನಿಯವರು ಆಫರ್ ಬರ್ಕೊಟ್ರೆ 50 ಪಾಯಿಂಟ್ ಬರತ್ತೆ, ಅದಕ್ಕೇ ಇಲ್ಲೇ ಇದ್ದೀನಿ’ ಅಂತೀರಾ? ಆ ಪಾಯಿಂಟ್ 2025ರ ಮಾರ್ಚ್ 25ಕ್ಕೇ ತೆಗೆದು ಹಾಕಿದ್ರು. ನೀವಿನ್ನೂ ಬೆಣ್ಣೆ ಹಚ್ತಾನೇ ಇದ್ದೀರ! ಪಾಯಿಂಟ್ ಬೇಕಿದ್ರೆ ಇಲ್ಲಿ ಇನ್ನೊಂದು ವರ್ಷ ದುಡೀರಿ. ಒಂಟಿಯಾಗಿ ಅರ್ಜಿ ಹಾಕೋರಿಗೆ ಒಂದು ವರ್ಷಕ್ಕೆ 40, ಎರಡಕ್ಕೆ 53. ಕಂಪನಿ ಯಾವುದಾದ್ರೇನು?

ಆದರೆ ವಯಸ್ಸು ಕಾಯಲ್ಲ ನೋಡಿ. 29ರವರೆಗೆ 110 ಇದ್ದಿದ್ದು 30 ತುಂಬಿದ ದಿನ 105. ಊರಲ್ಲಿ ಅಮ್ಮ ಪಾಯಸ ಮಾಡಿ ವಿಡಿಯೋ ಕಾಲ್ ಮಾಡಿದ್ರೆ, ನೀವು ಇಲ್ಲಿ ಐದು ಪಾಯಿಂಟಿನ ಸೂತಕ ಆಚರಿಸ್ತಾ ಕೂತಿರ್ತೀರ. ಅದರ ಮೇಲೆ 2021ರ ಫೆಬ್ರವರಿ 13ರ ನೆನಪು ಬೇರೆ. ಅವತ್ತು 75 ಪಾಯಿಂಟ್ ಇದ್ದೋರಿಗೂ ಕರೆ ಬಂತು, ಒಟ್ಟು 27,332 ಜನಕ್ಕೆ. ಆಗ ನೀವು ಬೆಂಗಳೂರಲ್ಲಿ ಐಇಎಲ್‌ಟಿಎಸ್ ಮುಂದಕ್ಕೆ ಹಾಕ್ತಾ ಇದ್ರಿ. (ಅದೂ ಆಮೇಲೆ!)

ಇನ್ನೊಂದು ಗುಟ್ಟು ಹೇಳ್ಲಾ? ನಿಮಗೆ ಕಾಟ ಕೊಡೋ ಆ ಮ್ಯಾನೇಜರ್ ಇದ್ದಾನಲ್ಲ, ಐಟಿಎ ಕಳಿಸೋ ಡ್ರಾ ಇರೋ ದಿನ ಅವನು ಪದೇ ಪದೇ ಎದ್ದು ವಾಶ್‌ರೂಮಿಗೆ ಯಾಕೆ ಹೋಗ್ತಾನೆ ಅಂತ ಯಾವತ್ತಾದ್ರೂ ಯೋಚಿಸಿದ್ರಾ? ಅವನದೂ ವರ್ಕ್ ಪರ್ಮಿಟ್ ಕಣ್ರೀ. ಅವನಿಗೂ ಅವನ ಮೇಲಿನವನ ಕಂಡ್ರೆ ಆಗಲ್ಲ. ನಾಳೆ ನೀವು ಹೋಗಿ ‘ನಾನು ಬಿಡ್ತಾ ಇದ್ದೀನಿ, ಲೆಟರ್ ಬೇಕು’ ಅನ್ನಿ. ಅವನು ಬಾಗಿಲು ಹಾಕಿ, ಕುರ್ಚಿ ಹತ್ತಿರ ಎಳ್ಕೊಂಡು, ದನಿ ತಗ್ಗಿಸಿ ಕೇಳ್ತಾನೆ: ‘ಆ ಕಂಪನೀಲಿ ಇನ್ನೊಂದು ಓಪನಿಂಗ್ ಇದ್ಯಾ?’