ಮೂರನೆಯ ಫೇಸಿನ ಮೇಸ್ತ್ರಿಗಳು

ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ಲೈನು ಮನೆಗಳ ನಡುವೆ ಸಂಜೆಯ ಹೊತ್ತು ನಡೆದು ಹೋಗುತ್ತಿರುವಾಗ, ಸಾಲಿನ ದೀಪಗಳೆಲ್ಲ ಒಮ್ಮೆಲೇ ಮಂಕಾಗಿ, ಚಟ್ನಿ ರುಬ್ಬುತ್ತಿದ್ದ ಮಿಕ್ಸಿಯ ಕಂಠವು ಕುಗ್ಗಿ, ಒಳಗಿನಿಂದ ಯಾರೋ ಗೃಹಿಣಿ "ಶುರುವಾಯ್ತು ಮೇಸ್ತ್ರಿಗಳದು" ಎಂದು ನಿಟ್ಟುಸಿರಿಟ್ಟದ್ದು ಕೇಳಿಬಂದರೆ, ದಾರಿಹೋಕರು ಗಾಬರಿಯಾಗಬೇಕಾದ ಕಾರಣವಿಲ್ಲ. ಹಿತ್ತಿಲ ತಗಡಿನ ಷೆಡ್ಡಿನಲ್ಲಿ ಒಬ್ಬ ನಿವೃತ್ತ ಫಿಟ್ಟರು ಮನೆಯ ಸಿಂಗಲ್ ಫೇಸ್ ಕರೆಂಟಿನಿಂದ ತ್ರೀ ಫೇಸ್ ಲೇತನ್ನು ತಿರುಗಿಸಲು ಉದ್ಯುಕ್ತರಾಗಿದ್ದಾರೆ, ಅಷ್ಟೆ. ಹಸು ಸಾಕುವವರು ಎಲ್ಲ ಊರುಗಳಲ್ಲಿಯೂ ಉಂಟು. ಲೇತು ಸಾಕುವವರನ್ನು ಕಾಣಬೇಕಾದರೆ ಗಣಿಯೂರಿಗೇ ಬರಬೇಕು.

ಈ ವರ್ಗದ ಮನುಷ್ಯರನ್ನು ಗುರುತಿಸುವುದು ಪ್ರಯಾಸವಲ್ಲ. ಕಿವಿಯ ಮೇಲೆ ಪೆನ್ಸಿಲು, ಜೇಬಿನಲ್ಲಿ ಟೆಸ್ಟರು, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಜಗ್ಗದ ಗ್ರೀಸು. ದೇವರ ಮನೆಯ ಸಾಲಿಗ್ರಾಮಕ್ಕೂ ದೊರೆಯದ ಮಡಿ ಅವರ ವರ್ನಿಯರ್ ಕ್ಯಾಲಿಪರಿಗೆ ದೊರೆಯುತ್ತದೆ. ತಮಿಳಿನಲ್ಲಿ ಬೈದು, ತೆಲುಗಿನಲ್ಲಿ ಸಮಾಧಾನ ಹೇಳಿ, ಕನ್ನಡದಲ್ಲಿ ಕೂಲಿ ಕೇಳುವ ಇವರು ಅಳತೆಯನ್ನು ಮಾತ್ರ ಇಂದಿಗೂ ಬ್ರಿಟಿಷರು ಕಲಿಸಿದ 'ಥೌ'ಗಳಲ್ಲಿಯೇ, ಅಂದರೆ ಅಂಗುಲದ ಸಾವಿರದಲ್ಲೊಂದು ಪಾಲಿನಲ್ಲಿಯೇ ನುಡಿಯುವರು. 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿದಾಗ ಕೆಲಸ ಕೈಬಿಟ್ಟಿತು, ಕೈ ಕೆಲಸವನ್ನು ಬಿಡಲಿಲ್ಲ. ಬಂದ ಹಣದಲ್ಲಿ ಒಂದು ಪಾಲು ಮಗಳ ಮದುವೆಗೂ ಇನ್ನೊಂದು ಪಾಲು ಗುಜರಿಯವನಲ್ಲಿದ್ದ ಒಂದು ಕುದುರೆಶಕ್ತಿಯ ಹಳೆಯ ಲೇತಿಗೂ ಸಂದಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಸಂಭ್ರಮಪಟ್ಟರೆಂಬುದನ್ನು ಅವರ ಮನೆಯವರು ಎಲ್ಲರೆದುರಿಗೂ ಹೇಳುವುದಿಲ್ಲ.

ಮೂರು ಫೇಸುಗಳ ವಿಷಯದಲ್ಲಿ ಮೇಸ್ತ್ರಿಗಳದು ವಂಶಾಭಿಮಾನಕ್ಕೆ ಸಮಾನವಾದ ಅಭಿಮಾನ. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಕಾವೇರಿಯ ನೀರು ವಿದ್ಯುತ್ತಾಗಿ, ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಓಡಿಬಂದು ಈ ಗಣಿಗಳ ಯಂತ್ರಗಳನ್ನು ತಿರುಗಿಸಿತೆಂಬುದೂ, ಬೆಂಗಳೂರಿನ ಬೀದಿಗಳಿಗೆ ಅದರ ಬೆಳಕು ಮುಟ್ಟಲು 1905ರವರೆಗೆ ಕಾಯಬೇಕಾಯಿತೆಂಬುದೂ ಚರಿತ್ರೆಯ ಮಾತು. ಮೇಸ್ತ್ರಿಗಳ ಬಾಯಲ್ಲಿ ಅದು ತಮ್ಮ ಮನೆಯ ಮಾತು. "ಬೆಂಗಳೂರಿನವರು ಸೀಮೆಎಣ್ಣೆ ದೀಪ ಒರೆಸುತ್ತಿದ್ದಾಗಲೇ ನಮಗೆ ತ್ರೀ ಫೇಸ್ ಬಂದಿತ್ತು ಸಾರ್! ನೆಲದೊಳಕ್ಕೆ ಮೂರು ಕಿಲೋಮೀಟರು ಮೀರಿ ಇಳಿದವರು ನಾವು. ನಮಗೆ ಈಗ ಒಂದು ಫೇಸ್ ಕೊಟ್ಟು ಟ್ಯೂಬ್‌ಲೈಟು ಹಚ್ಚಿಕೊಳ್ಳಿ ಅಂತಾರೆ."

ಒಂದು ಫೇಸಿನಲ್ಲಿ ಮೋಟರು ಏಕೆ ತಿರುಗದೆಂದು ನಾನೊಮ್ಮೆ ಕೇಳಿ ಸಿಕ್ಕಿಬಿದ್ದೆನು. ಕೋಲಾರದ ಸೀಮೆಯವರಾದ್ದರಿಂದ ಅವರಿಗೆ ರಾಗಿಕಲ್ಲಿನ ದೃಷ್ಟಾಂತ ಸಹಜವಾಗಿ ಒದಗಿತು. ಮೂವರು ಹೆಂಗಸರು ಕಲ್ಲಿನ ಸುತ್ತ ಸಮದೂರದಲ್ಲಿ ಕುಳಿತು, ಒಬ್ಬಳು ಬಿಟ್ಟಲ್ಲಿ ಇನ್ನೊಬ್ಬಳು ಗೂಟ ಹಿಡಿದು ನೂಕಿದರೆ ಕಲ್ಲು ಸರಾಗವಾಗಿ ಸುತ್ತುತ್ತದೆ. ಒಬ್ಬಳೇ ಕುಳಿತು ಒಂದೇ ನೇರದಲ್ಲಿ ಎಳೆಯುತ್ತ ತಳ್ಳುತ್ತ ಇದ್ದರೆ, ಎಡಕ್ಕೋ ಬಲಕ್ಕೋ ತಿಳಿಯದೆ ಕಲ್ಲು ನಿಂತಲ್ಲಿಯೇ ನರಳುತ್ತದೆ. ಆದರೆ ಯಾರಾದರೂ ಪುಣ್ಯಾತ್ಮರು ಒಮ್ಮೆ ಪಕ್ಕಕ್ಕೆ ನೂಕಿಕೊಟ್ಟರೋ, ಆಮೇಲೆ ಆ ಒಬ್ಬಳೇ ಸಾಕು. ನಾನು ಓದಿದ ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಪುಣ್ಯಾತ್ಮರ ಸ್ಥಾನಕ್ಕೆ ಮೊದಲು ಬಂದದ್ದು, ಈ ಕಡೆಯ ರೈತರು ಪಂಪ್‌ಸೆಟ್ಟಿಗೆ ಜೋಡಿಸುವಂತಹ ಕಂಡೆನ್ಸರು. ಕಿಲೋವಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಎಂಬ ಲೆಕ್ಕದ ಈ ಉಪಾಯಕ್ಕೆ ಸ್ಟೈನ್‌ಮೆಟ್ಸ್ ಎಂಬ ವಿಜ್ಞಾನಿಯ ಹೆಸರಿದೆ. ಆತ ದುಡಿದ ಜನರಲ್ ಎಲೆಕ್ಟ್ರಿಕ್ ಕಂಪನಿಯೇ ಶಿವನಸಮುದ್ರಕ್ಕೂ ಯಂತ್ರ ಕೊಟ್ಟದ್ದೆಂದು ತಿಳಿಸಿದಾಗ ಮೇಸ್ತ್ರಿಗಳು ಸ್ವಂತ ನೆಂಟರ ಸುದ್ದಿ ಕೇಳಿದವರಂತೆ ಹಿಗ್ಗಿದರು. ಮರುವಾರ ಕಂಡೆನ್ಸರು ಸಿಡಿದು ಪಕ್ಕದ ಮನೆಯ ಕೋಳಿಗಳು ಎರಡು ದಿನ ಮೊಟ್ಟೆಯಿಡಲಿಲ್ಲವಾಗಿ, ಆ ನೆಂಟಸ್ತಿಕೆ ಅಲ್ಲಿಗೇ ನಿಂತಿತು.

ಅನಂತರ ಬಂದುದೇ ಎರಡು ಕುದುರೆಶಕ್ತಿಯ 'ತಾಯಿ ಮೋಟರು'. ಇದು ತಾನು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಸುತ್ತುತ್ತ, ಎರಡು ತುದಿಗಳಲ್ಲಿ ಮನೆಯ ಕರೆಂಟನ್ನು ಕುಡಿದು, ಮೂರನೆಯ ತುದಿಯಲ್ಲಿ ಇಲ್ಲದ ಫೇಸನ್ನು ಹುಟ್ಟಿಸಿ ಲೇತಿಗೆ ಉಣಿಸುತ್ತದೆ. ಅದನ್ನು ಎಬ್ಬಿಸುವ ವಿಧಿಯೇ ನೋಡತಕ್ಕದ್ದು. ಮೇಸ್ತ್ರಿಗಳು ಪಂಚೆಯನ್ನು ಎತ್ತಿಕಟ್ಟಿ, ಬುಗುರಿಗೆ ಚಾಟಿ ಸುತ್ತುವಂತೆ ಮೋಟರಿನ ಪುಲ್ಲಿಗೆ ಹಗ್ಗವನ್ನು ಏಳು ಸುತ್ತು ಸುತ್ತಿ, ಎಡಗಾಲನ್ನು ಗೋಡೆಗೆ ಒದ್ದು ನಿಂತು, "ಗ್ರೈಂಡರ್ ಆಫ್ ಮಾಡೇ!" ಎಂದು ಅಡಿಗೆಮನೆಯತ್ತ ಕೂಗುವರು. ಒಳಗಿನಿಂದ "ಹಿಟ್ಟು ಇನ್ನೂ ಆಗಿಲ್ಲ ರೀ" ಎಂಬ ಉತ್ತರ, ಮಾತುಕತೆ, ಮೌನ. ಬಳಿಕ ಅವರು ಹಗ್ಗವನ್ನು ಸರ್ರನೆ ಎಳೆದು, ಅದು ಪೂರ್ತಿ ಬಿಚ್ಚಿಕೊಂಡು ಕೈಗೆ ಬಂದೊಡನೆ, ಮೋಟರು ಸುತ್ತುತ್ತಿರುವಾಗಲೇ ಸ್ವಿಚ್ಚು ಒತ್ತುವರು. ಒಂದು ಗುಂಯ್ಕಾರ, ದೀಪಗಳಿಗೆ ಗ್ರಹಣ, ಆಮೇಲೆ ಕಿವಿಗೆ ಹಿತವಾದ ಸಮಗತಿ. ತಪ್ಪಿದರೆ ಫ್ಯೂಜು ಹಾರಿ, ಹಗ್ಗ ಪುನಃ ಏಳು ಸುತ್ತು.

ಪ್ರತಿದಿನ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಅಳಿಯಂದಿರು ಒಮ್ಮೆ ಬುತ್ತಿಡಬ್ಬಿಯಷ್ಟೇ ದೊಡ್ಡದೊಂದು 'ಡ್ರೈವ್' ತಂದಿಟ್ಟರು. ಸಿಂಗಲ್ ಫೇಸನ್ನು ನುಂಗಿ ಮೂರು ಫೇಸು ಉಗುಳುವ ಪೆಟ್ಟಿಗೆ; 415 ವೋಲ್ಟಿನ ಸ್ಟಾರ್ ಜೋಡಣೆಯನ್ನು ಬಿಚ್ಚಿ ಮೋಟರನ್ನು 230ರ ಡೆಲ್ಟಾಕ್ಕೆ ತಿರುಗಿಸಿದರಾಯಿತು. ತಾಯಿ ಮೋಟರಿಗಾಗಿ ಆ ಜೋಡಣೆಯ ತಾಮ್ರದ ಪಟ್ಟಿಗಳನ್ನು ಮೇಸ್ತ್ರಿಗಳು ಎಂದೋ ತಿರುಗಿಸಿದ್ದರಾದ್ದರಿಂದ ಆ ಕೆಲಸವೂ ಉಳಿಯಿತು. ಲೇತು ನಿಶ್ಶಬ್ದವಾಗಿ ತಿರುಗಿತು. ದೀಪಗಳು ಅಲುಗಲಿಲ್ಲ, ಗ್ರೈಂಡರು ನಿಲ್ಲಲಿಲ್ಲ, ನೋಡಲು ಬಂದಿದ್ದ ಹುಡುಗರು ಚದುರಿಹೋದರು. "ಚೆನ್ನಾಗಿದೆ ಅಳಿಯಂದ್ರೆ" ಎಂದು ಮೇಸ್ತ್ರಿಗಳು, ಉಪ್ಪಿಲ್ಲದ ಸಾರನ್ನು ಬೀಗರ ಮನೆಯಲ್ಲಿ ಹೊಗಳುವ ಧ್ವನಿಯಲ್ಲಿ ನುಡಿದರು. ಪೆಟ್ಟಿಗೆಯೀಗ ಅಟ್ಟದ ಮೇಲಿದೆ.

ಹೋದ ತಿಂಗಳು ನಮ್ಮ ಗ್ರೈಂಡರಿನ ಸವೆದ ಬುಷ್ಷನ್ನು ಅವರಲ್ಲಿಗೆ ಒಯ್ದೆನು. ಎರಡು ಸಂಜೆ ಫ್ಯೂಜು ಹಾರಿತು. ಮೂರನೆಯ ಸಂಜೆ ಹಿತ್ತಾಳೆಯ ಹೊಸ ಬುಷ್ಷು, ಅರ್ಧ ಥೌ ತಪ್ಪದೆ, ಬೆಚ್ಚಗೆ ಅಂಗೈಗೆ ಬಂತು. ಅದನ್ನು ಸುತ್ತಿಕೊಟ್ಟ ಕಾಗದದ ಮೇಲೆ ಪೆನ್ಸಿಲಿನಲ್ಲಿ ನನ್ನ ಬುಷ್ಷಿನ ಅಳತೆಗಳಿದ್ದವು. ಮನೆಗೆ ಬಂದು ಮಗುಚಿ ನೋಡಿದೆನು: ತ್ರೀ ಫೇಸ್ ಸಂಪರ್ಕಕ್ಕಾಗಿ ಕೊಡತಕ್ಕ ಅರ್ಜಿ; ಹೆಸರು, ವಿಳಾಸ, ಮೋಟರಿನ ಕುದುರೆಶಕ್ತಿ ಎಲ್ಲವನ್ನೂ ದುಂಡಾದ ಅಕ್ಷರದಲ್ಲಿ ತುಂಬಿದ್ದರು. ಸಹಿ ಮಾತ್ರ ಇರಲಿಲ್ಲ.