ಜೋಡಿ ಸಾರ್

ನೆಟ್‌ವರ್ಕ್ ವಿಭಾಗ ಅಂತ ಬೋರ್ಡು ತಗುಲಿಸಿರುವ ಕಡೆಯಲ್ಲೆಲ್ಲ ಒಬ್ಬ ಜೋಡಿ ಸಾರ್ ಇದ್ದೇ ಇರುತ್ತಾರೆ. ಮಾರತ್ತಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಯಾವ ಗಾಜಿನ ಕಟ್ಟಡ ಹೊಕ್ಕರೂ ಸಿಗುತ್ತಾರೆ. ಕೊರಳಲ್ಲಿ ಐಡಿ ಕಾರ್ಡು, ಸೊಂಟದಲ್ಲಿ ಸರ್ವರ್ ರೂಮಿನ ಬೀಗದಕೈ, ಜೇಬಿಗೊಂದರಂತೆ ಎರಡು ಫೋನು. ಇಂಟರ್‌ನೆಟ್ ಕೈಕೊಟ್ಟರೆ ಏನು ಗತಿ ಸಾರ್ ಎಂದು ಕೇಳಿ ನೋಡಿ. ಕಣ್ಣು ಅರ್ಧ ಮುಚ್ಚಿ, "ಎರಡಿದೆ ಕಣ್ರೀ" ಅನ್ನುತ್ತಾರೆ.

ಎರಡಿರುವುದು ಫೈರ್‌ವಾಲ್. ಒಂದು ದುಡಿಯುತ್ತದೆ, ಇನ್ನೊಂದು ಅದರ ಕೆಳಗೆ ಕೂತು ಹಸಿರು ದೀಪ ಮಿಟುಕಿಸುತ್ತದೆ. ಆಯುಧಪೂಜೆಯ ದಿನ ಎರಡಕ್ಕೂ ಸಮಸಮ ಕುಂಕುಮ, ಸೇವಂತಿಗೆ. ಮಂಗಳಾರತಿ ಮಾತ್ರ ಬಾಗಿಲಾಚೆ, ಯಾಕೆಂದರೆ ಒಳಗೆ ಸ್ಮೋಕ್ ಡಿಟೆಕ್ಟರ್ ಇದೆ. ಅದೂ ಎರಡು.

ಕ್ಯಾಂಟೀನಿನಲ್ಲಿ ಕೈಗೆ ಸಿಕ್ಕವರಿಗೆ ಅವರು ಈ ವಿದ್ಯೆಯ ಪುರಾಣ ಹೇಳದೆ ಬಿಡುವುದಿಲ್ಲ. ಸಿಸ್ಕೋದವರ ಪೇಟೆಂಟಿನ ತಕರಾರು ಬಂದಾಗ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನವರು ಸಿಟ್ಟಿಗೆದ್ದು ಕಾರ್ಪ್ ಎಂಬ ತಮ್ಮದೇ ಪ್ರೋಟೊಕಾಲ್ ಬರೆದುಕೊಂಡಿದ್ದು, 2004ರಲ್ಲಿ 3.5ನೇ ಆವೃತ್ತಿಯಲ್ಲಿ ಅದನ್ನು ಪುಕ್ಕಟೆ ಹಂಚಿದ್ದು, ಎಲ್ಲ ಕಂಠಪಾಠ. ಕೆಲಸದ ರೀತಿ ಸರಳ. ಎರಡಕ್ಕೂ ಸೇರಿ ಒಂದೇ ವಿಳಾಸ. ಮೊದಲನೆಯದು ಸೆಕೆಂಡಿಗೊಮ್ಮೆ "ನಾನಿದ್ದೀನಿ, ನಾನಿದ್ದೀನಿ" ಎಂದು ಕೂಗುತ್ತಿರಬೇಕು. ಮೂರು ಸೆಕೆಂಡು ಸದ್ದಿಲ್ಲದಿದ್ದರೆ ಎರಡನೆಯದು ಎದ್ದು ಆ ವಿಳಾಸ ತನ್ನದೆನ್ನುತ್ತದೆ. ಅಷ್ಟರೊಳಗೆ ಯಾವ ಮೇಜಿನಿಂದ ಯಾವ ಸಂಪರ್ಕ ನಡೆದಿತ್ತೆಂಬ ಲೆಕ್ಕವೂ ಅದಕ್ಕೆ ಮುಟ್ಟಿರಬೇಕು. ಅದಕ್ಕೆ ಪಿಎಫ್‌ಸಿಂಕ್ ಎಂಬ ಏರ್ಪಾಡು, ಅದು ಓಡಲು ಬೇರೆ ತಂತಿ. ನಡುವಿನ ಸ್ವಿಚ್ಚು ಆ ಕೂಗನ್ನೇ ನುಂಗಿಬಿಟ್ಟರೆ ಇಬ್ಬರೂ ತಾನೇ ಯಜಮಾನ ಎಂದುಕೊಳ್ಳುತ್ತಾರೆ. ಮದುವೆಮನೆಯಲ್ಲಿ ಗಂಡಿನ ಕಡೆಯ ಪುರೋಹಿತರು, ಹೆಣ್ಣಿನ ಕಡೆಯ ಪುರೋಹಿತರು ಒಟ್ಟಿಗೇ ಮಂತ್ರ ಶುರು ಮಾಡಿದ ಹಾಗೆ!

ಇಷ್ಟೆಲ್ಲ ಬಲ್ಲ ಜೋಡಿ ಸಾರ್ ಮಾಡದೇ ಇರುವುದು ಒಂದೇ. ಮೊದಲನೆಯದನ್ನು ಆರಿಸಿ ನೋಡುವುದು. ಆ ಮಾತೆತ್ತಿದರೆ ತಿಂಗಳ ಕೊನೆ, ಸಂಬಳದ ವಾರ, ಅಮೆರಿಕದ ಕ್ಲೈಂಟು ಬಂದಿದ್ದಾರೆ. ಏನೂ ಸಿಗದಿದ್ದರೆ ಅಮಾವಾಸ್ಯೆ. "ಚೆನ್ನಾಗಿ ನಡೀತಿರೋದನ್ನ ಯಾಕ್ರೀ ಕೆದಕ್ತೀರ?" ಎಂಬುದು ಅವರ ತಾಂತ್ರಿಕ ಅಭಿಪ್ರಾಯ. ನನಗೇನೋ ಈ ಭಯ ಅರ್ಥವಾಗುತ್ತದೆ. ಪರೀಕ್ಷೆ ಮಾಡುವವರೆಗೆ ಅವರ ಹತ್ತಿರ ಎರಡು ಫೈರ್‌ವಾಲ್ ಇರುತ್ತದೆ. ಮಾಡಿದ ಮೇಲೆ ಎಷ್ಟಿರುತ್ತದೋ ಯಾರಿಗೆ ಗೊತ್ತು?

ಹಾಗಾಗಿ ಇವರ ಶತ್ರು ಹ್ಯಾಕರ್ ಅಲ್ಲ, ಆಡಿಟರ್. ಈ ಸಲ ಬಂದವಳು ಕಾಲೇಜು ಬಿಟ್ಟು ಎರಡು ವರ್ಷವಾಗದ ಹುಡುಗಿ. ಕಾಫಿ ಬೇಡವೆಂದಳು. ಅಲ್ಲೇ ಅರ್ಧ ಅಪಾಯ ಗೊತ್ತಾಗಬೇಕಿತ್ತು. "ನನ್ನೆದುರಿಗೇ ಆಫ್ ಮಾಡಿ ತೋರಿಸಿ ಸಾರ್" ಎಂದಳು.

ಶನಿವಾರ ರಾತ್ರಿ ಮುಹೂರ್ತ. ಜೋಡಿ ಸಾರ್ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಪವರ್ ಕಿತ್ತರು. ಒಂದು, ಎರಡು, ಮೂರು. ಪರದೆಯ ಮೇಲೆ ಪಿಂಗ್ ತುಸು ತಡವರಿಸಿ ಮತ್ತೆ ಓಡತೊಡಗಿತು! ಸಾರ್ ಮೀಸೆಯ ಮೇಲೆ ಬೆರಳಾಡಿಸಿದರು. ಮನೆಗೂ ಫೋನ್ ಮಾಡಿದರು.

"ಈಗ ವಾಪಸ್ ಹಾಕಿ, ಯಜಮಾನಿಕೆಯನ್ನೂ ಕೈಯಿಂದಲೇ ಮೊದಲನೆಯದಕ್ಕೆ ಮರಳಿಸಿ. ಈ ಸಲ ಪವರ್ ಬೇಡ, ಇದೊಂದು ಕೇಬಲ್ ಮಾತ್ರ" ಎಂದವಳೇ ಹುಡುಗಿ ಆಫೀಸಿನ ಕಡೆಯ ನೀಲಿ ತಂತಿಯನ್ನು ಹಿಡಿದೆಳೆದಳು.

ಪಿಂಗ್ ನಿಂತಿತು. ಮೂರು ಕಳೆಯಿತು, ಮೂವತ್ತೂ ಕಳೆಯಿತು. ಒಳಗಡೆಯ ಯಜಮಾನಿಕೆಯನ್ನೇನೋ ಎರಡನೆಯದು ವಹಿಸಿಕೊಂಡಿತ್ತು. ಆದರೆ ಹೊರಗಡೆ, ಜೀವ ಹೋಗಿಲ್ಲದ ಮೊದಲನೆಯದು ಇನ್ನೂ "ನಾನಿದ್ದೀನಿ" ಅನ್ನುತ್ತಲೇ ಇತ್ತು. ಹೋಗುವ ಪ್ರಶ್ನೆ ಎರಡನೆಯದರಿಂದ, ಬರುವ ಉತ್ತರ ಮೊದಲನೆಯದಕ್ಕೆ, ಅಲ್ಲಿಂದ ಒಳಗೆ ಬರಲು ತಂತಿಯೇ ಇಲ್ಲ.

"ಪ್ರೀಎಂಪ್ಟ್ ಸೊನ್ನೆ ಇದೆ ಸಾರ್" ಎಂದಳು ಹುಡುಗಿ. ಒಂದು ಕಡೆ ಬಿದ್ದರೆ ಎಲ್ಲ ಕಡೆಯಿಂದಲೂ ಒಟ್ಟಿಗೆ ಅಧಿಕಾರ ಬಿಡು ಎಂದು ಹೇಳುವ ಸಾಲದು. ಓಪನ್‌ಬಿಎಸ್‌ಡಿಯಲ್ಲಿ ಅದು ಹುಟ್ಟಿನಿಂದಲೇ ಸೊನ್ನೆ, ನಾವೇ ಒಂದು ಮಾಡಬೇಕು. ಸಾರ್ ಪುರಾಣದಲ್ಲಿ ಈ ಅಧ್ಯಾಯ ಬಂದಿರಲಿಲ್ಲ.

ಅವರು ಕನ್ನಡಕ ಏರಿಸಿ, ಬೆವರು ಒರೆಸಿ, ಸೊನ್ನೆ ಅಳಿಸಿ ಒಂದು ಹಾಕಿದರು. "ಆಯ್ತು ನೋಡಿ. ಬರ್ಕೊಳ್ಳಿ."

"ಎರಡನೇದ್ರಲ್ಲೂ ಹಾಕಿದ್ರಾ ಸಾರ್?"

"ಅದು ಸ್ಟ್ಯಾಂಡ್‌ಬೈ ಅಲ್ವೇನಮ್ಮ?"